ಮುನಿವೆಂಕಟಮ್ಮನ ಹೆಸರು ಮೈಕಿನಲ್ಲಿ

ಸಾಹಿತ್ಯ ಹಬ್ಬದವರು ನನಗೆ ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಸೂಚನೆಗಳಿದ್ದವು. ಎಂಟನ್ನು ಚಾಚೂ ತಪ್ಪದೆ ಪಾಲಿಸಿದೆ. ಒಂಬತ್ತನೆಯದನ್ನು ನನ್ನ ಅತಿಬುದ್ಧಿಗೆ ತೋಚಿದಂತೆ ಅರ್ಥ ಮಾಡಿಕೊಂಡೆ. ಆ ಒಂದರಿಂದಲೇ ಎಲ್ಲ ಕೆಟ್ಟಿತು.

ನಾನು ಕೋಲಾರ ಗೋಲ್ಡ್ ಫೀಲ್ಡ್ಸ್‌ನ ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಪುಸ್ತಕಗಳಿಗೆ ನಂಬರು ಹಾಕುವುದು, ಹಾಳೆ ಹರಿದವರನ್ನು ಹಿಡಿದು ಬೈಯುವುದು, ವರ್ಷಕ್ಕೊಮ್ಮೆ ಗೆದ್ದಲಿನ ಜೊತೆ ಯುದ್ಧ ಮಾಡುವುದು ನನ್ನ ಕೆಲಸ. ಲೇಖಕರನ್ನು ಕರೆಸಿ ಸಭೆ ನಡೆಸುವುದು ನನ್ನ ಕೆಲಸವಲ್ಲ. ಆದರೆ ಆ ಚಳಿಗಾಲದಲ್ಲಿ ಒಂದು ಯಹೂದಿ ಸಾಹಿತ್ಯ ಹಬ್ಬ ಊರೂರು ಸುತ್ತುತ್ತಿತ್ತು. ಪುಣೆ, ಕೊಚ್ಚಿ, ಬೆಂಗಳೂರು, ಆಮೇಲೆ ಮುಂಬಯಿ, ಹೀಗೆ ಒಂದೊಂದು ನಗರದಲ್ಲಿ ಒಂದೆರಡು ದಿನ. ಲೇಖಕರ ಮಾತು, ಓದು, ಪ್ರಶ್ನೋತ್ತರ, ಕೊನೆಗೆ ಪುಸ್ತಕಕ್ಕೆ ಸಹಿ. ಆ ತಂಡದಲ್ಲಿ ಎಂಬತ್ತು ವರ್ಷದ ಒಬ್ಬ ಲೇಖಕಿ ಇದ್ದರು. ಅವರು ಹುಟ್ಟಿದ್ದು ನಮ್ಮೂರಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಬಳಿ. ಜರ್ಮನಿಯಲ್ಲಿ ಯಹೂದಿಗಳಿಗೆ ಉಳಿಗಾಲವಿಲ್ಲದಂತಾದಾಗ ಅವರ ತಂದೆ ತಪ್ಪಿಸಿಕೊಂಡು ಬಂದು, ಇಲ್ಲಿನ ಗಣಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಮಗಳಿಗೆ ಆರು ತುಂಬಿದ ವರ್ಷ ಕುಟುಂಬ ಊರು ಬಿಟ್ಟಿತ್ತು.

ಈಗ ಆಕೆ ಬರೆದ ನೆನಪಿನ ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ, ತನ್ನನ್ನು ಸಾಕಿದ ಆಯಾಳ ಬಗ್ಗೆ ಇತ್ತು. ಆಯಾಳ ಹೆಸರು ಮುನಿವೆಂಕಟಮ್ಮ, ಬೂದಿಕೋಟೆಯವಳು. ಹುಟ್ಟಿದ ಊರಿನಲ್ಲಿ, ಆ ಊರಿನ ಭಾಷೆಯಲ್ಲಿ ಒಂದು ಸಲ ಆ ಅಧ್ಯಾಯ ಓದಿಸಬೇಕೆಂದು ಲೇಖಕಿ ಹಟ ಹಿಡಿದಿದ್ದಾರೆ ಎಂದು ಹಬ್ಬದ ವ್ಯವಸ್ಥಾಪಕರು ನಮ್ಮ ಕಾಲೇಜಿಗೆ ಬರೆದರು. ಪ್ರಾಂಶುಪಾಲರು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ನೀವು ಪುಸ್ತಕದವರಲ್ವಾ ಮೇಡಂ" ಎಂದಷ್ಟೇ ಹೇಳಿ ಹೊರಟುಹೋದರು.

ಅಧ್ಯಾಯವನ್ನು ಕನ್ನಡಕ್ಕೆ ತಂದವಳೂ ನಾನೇ. ಮೂರು ವಾರ ಹಿಡಿಯಿತು. ಡಾಕ್ಟರ ಹೆಂಡತಿ ಟೈಫಾಯ್ಡ್ ಬಂದು ಮಲಗಿದಾಗ ಮುನಿವೆಂಕಟಮ್ಮ ತನ್ನ ಮಗುವಿನ ಜೊತೆ ಡಾಕ್ಟರ ಮಗುವಿಗೂ ಎದೆಹಾಲು ಕೊಟ್ಟಳಂತೆ. ಸಂಜೆ ಹೊತ್ತು ಗಣಿಯ ಬಿಳಿಯ ದೊರೆಗಳೆಲ್ಲ ಒಂದು ಸಭಾಂಗಣದಲ್ಲಿ ಸೇರಿದರೆ, ಆಯಾಗಳು ಮಕ್ಕಳನ್ನು ಕಟ್ಟಿಕೊಂಡು ಹಿಂದಿನ ಜಗಲಿಯಲ್ಲಿ ಕೂರಬೇಕಿತ್ತು. ಒಂದು ದಿನ ಐದು ವರ್ಷದ ಈ ಹುಡುಗಿ ಆಯಾಳ ಕೈ ಹಿಡಿದು ಮುಂಬಾಗಿಲಿನಿಂದ ಒಳಗೆ ಎಳೆದುಕೊಂಡು ಹೋದಳು. ಯಾರೋ ಗದರಿದರು. ಬೈಸಿಕೊಂಡದ್ದು ಹುಡುಗಿಯಲ್ಲ, ಆಯಾ. ಎಲ್ಲರ ಎದುರು ತಲೆ ತಗ್ಗಿಸಿ ಹಿಂದಕ್ಕೆ ಹೆಜ್ಜೆ ಹಾಕಿದ ಆ ಮುಖವನ್ನು ಲೇಖಕಿ ಎಪ್ಪತ್ತೈದು ವರ್ಷ ಮರೆತಿರಲಿಲ್ಲ. ಆ ಪುಟವನ್ನು ಅನುವಾದಿಸುವಾಗ ನಾನು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ಆ ಸಭಾಂಗಣ ಇನ್ನೂ ಇದೆ. ಮರದ ನೆಲ ಅಲ್ಲಲ್ಲಿ ಕಿತ್ತಿದೆ, ಮದುವೆ ಆರತಕ್ಷತೆಗೆ ಬಾಡಿಗೆಗೆ ಹೋಗುತ್ತದೆ. ಕಾರ್ಯಕ್ರಮ ಅಲ್ಲೇ ಎಂದು ನಿಶ್ಚಯಿಸಿದೆ. ಮುನಿವೆಂಕಟಮ್ಮನ ಮಗಳು ಬದುಕಿದ್ದಾಳೆಯೇ ಎಂದು ಹುಡುಕುತ್ತ ಬೂದಿಕೋಟೆಗೆ ಹೋದೆ.

ಬದುಕಿದ್ದರು. ಮನೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾನು ಎರಡು ಸಲ ಕೂಗಿದರೂ ತಿರುಗಲಿಲ್ಲ. ಪಕ್ಕದ ಮನೆಯ ಹೆಂಗಸು, "ಕಿವಿ ಕೇಳ್ಸಲ್ಲಮ್ಮ. ಮುಂದಕ್ ಓಗಿ ನಿಂತ್ಕೊಳ್ಳಿ" ಅಂದಳು. ಮುಂದೆ ನಿಂತು, ಕಿವಿಯ ಹತ್ತಿರ ಬಾಯಿಟ್ಟು ವಿಷಯ ಹೇಳಿದೆ. ಅಜ್ಜಿ ಹುಲ್ಲು ಕೆಳಗೆ ಹಾಕಿ ನನ್ನನ್ನೇ ನೋಡಿದರು.

"ಡಾಕ್ಟ್ರು ದೊರೆ ಮಗಳಾ? ಬದುಕವ್ಳಾ? ಅವ್ಳೂ ನಾನೂ ಒಂದೇ ಎದೆ ಆಲು ಕುಡ್ದೋರು ಕಣಮ್ಮ."

"ನಿಮ್ಮ ತಾಯಿ ವಿಷಯ ಪುಸ್ತಕದಲ್ಲಿ ಬರೆದಿದ್ದಾರೆ ಅಜ್ಜಿ. ಆ ದೊರೆಗಳ ಕಟ್ಟಡದಲ್ಲೇ ಓದ್ತೀವಿ. ನೀವು ಬರಬೇಕು, ಮುಂದಿನ ಸಾಲಲ್ಲಿ ಕೂರಬೇಕು."

"ಅಲ್ಲಿ ಮೈಕ್ ಆಕ್ತೀರಾ?"

"ಹಾಕ್ತೀವಿ."

"ನಮ್ಮವ್ವನ ಎಸರು ಮೈಕಲ್ಲಿ ಕೂಗ್ತೀರಾ?"

"ಕೂಗ್ತೀವಿ ಅಜ್ಜಿ. ನಾನೇ ಓದೋದು."

ಅಜ್ಜಿಯ ಮುಖ ಅರಳಿತು. "ಅಂಗಾದ್ರೆ ಬತ್ತೀನಿ. ಮೈಕಾದ್ರೆ ನಂಗೂ ಕೇಳ್ಸ್ತದೆ. ದೇವಸ್ತಾನದ್ ಮೈಕು ಕೇಳ್ಸ್ತದೆ, ಓಟಿನೋರ್ ಮೈಕು ಕೇಳ್ಸ್ತದೆ. ಮನ್ಸರ ಬಾಯಿ ಮಾತ್ರ ಕೇಳ್ಸಲ್ಲ." ಮಗ ತಂದುಕೊಟ್ಟ ಕಿವಿಯ ಯಂತ್ರ ಕೀ ಎಂದು ಕಿರುಚುತ್ತದೆಂದು ಅದನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದರು. ಒಂದೇ ಷರತ್ತು, ಮಗ ಜೊತೆಗಿರಬೇಕು. ಮಗ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುವವನು. ಸಂಜೆಯ ರೈಲಿನಲ್ಲಿ ಅವನು ಬರುವಾಗ ಅಜ್ಜಿ ಬಂಗಾರಪೇಟೆಯಲ್ಲಿ ಅದೇ ರೈಲು ಹತ್ತಿ ಇಬ್ಬರೂ ಕೋಲಾರ ಗೋಲ್ಡ್ ಫೀಲ್ಡ್ಸ್‌ಗೆ ಬರುವುದು ಎಂದಾಯಿತು.

ಇನ್ನು ಆ ಒಂಬತ್ತು ಸೂಚನೆಗಳು. ಕೈಯಿರುವ ಕುರ್ಚಿ, ಮೆಟ್ಟಿಲಿಲ್ಲದ ದಾರಿ, ತಣ್ಣಗಿಲ್ಲದ ನೀರು, ಹೂವಿನ ಹಾರ ಬೇಡ, ಎರಡು ಮೈಕು, ಪುಸ್ತಕಕ್ಕೊಂದು ಮೇಜು, ತಂಗಲು ಹತ್ತಿರದಲ್ಲೇ ಕೋಣೆ. ಎಂಟನೆಯದು ಊಟದ್ದು. ಹೆಚ್ಚದ ಹಣ್ಣು, ಹೊಸ ಪಾತ್ರೆ, ಕಾಗದದ ತಟ್ಟೆ. ಅದನ್ನು ಓದಿದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಅಜ್ಜಿಯ ಮಡಿಯನ್ನು ನೋಡಿ ಬೆಳೆದವಳು ನಾನು, ಪಾತ್ರೆಯ ಮಡಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂಬತ್ತನೆಯದು, 'ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಸೂರ್ಯ ಮುಳುಗುವುದಕ್ಕೆ ಸಾಕಷ್ಟು ಮೊದಲೇ ಮುಗಿದಿರಬೇಕು' ಎಂದಿತ್ತು.

ಪಾಪ, ವಯಸ್ಸಾದವರು, ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ ಎಂದುಕೊಂಡೆ. ನಮ್ಮ ರಸ್ತೆಗಳ ಗುಂಡಿಯ ಕಥೆ ಪುಣೆಯವರೆಗೂ ಮುಟ್ಟಿದೆ ಎಂದೂ ಅಂದುಕೊಂಡೆ. ಕತ್ತಲೆ ತಾನೇ ತೊಂದರೆ? ಅದಕ್ಕೆ ಬೆಳಕು ಮಾಡಿದರಾಯಿತು. ಎರಡು ಫೋಕಸ್ ಲೈಟು ಹೇಳಿದೆ, ಜನರೇಟರ್ ಹೇಳಿದೆ, ಅದೇ ಆವರಣದ ಅತಿಥಿಗೃಹದಲ್ಲಿ ಕೋಣೆ ಹಿಡಿದೆ, ಕೋಣೆಯಿಂದ ಸಭಾಂಗಣದವರೆಗೆ ಟ್ಯೂಬ್‌ಲೈಟ್ ಕಟ್ಟಿಸಿದೆ. ಆಮೇಲೆ ಧೈರ್ಯವಾಗಿ ಸಮಯವನ್ನು ನಾಲ್ಕರಿಂದ ಆರೂಮುಕ್ಕಾಲಿಗೆ ತಳ್ಳಿದೆ. ನಮ್ಮೂರಿಗೆ ಗಡಿಯಾರವೆಂದರೆ ರೈಲು. ಬೆಳಗಾಗುವ ಮೊದಲೇ ಅರ್ಧ ಊರು ಬೆಂಗಳೂರಿಗೆ ಹೋಗಿರುತ್ತದೆ, ಸಂಜೆಯ ರೈಲಿಗೆ ವಾಪಸ್ಸು ಬರುತ್ತದೆ. ನಾಲ್ಕಕ್ಕೆ ಸಭೆ ಕರೆದರೆ ಪಿಂಚಣಿದಾರರು ಮತ್ತು ಕಾಗೆಗಳು ಬರುತ್ತಾರೆ. ಸಮಯ ಬದಲಾದದ್ದನ್ನು ವ್ಯವಸ್ಥಾಪಕರಿಗೆ ಮೊಬೈಲಿನಲ್ಲಿ ಕಳಿಸಿದೆ. ಹೆಬ್ಬೆರಳ ಚಿತ್ರ ಬಂತು. ಅವರು ಆಗ ಕೊಚ್ಚಿಯ ಸಭೆಯ ಗಲಾಟೆಯಲ್ಲಿ ನೋಡದೆಯೇ ಒತ್ತಿದ್ದರೆಂದು ಆಮೇಲೆ ತಿಳಿಯಿತು.

ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಕಾರು ಬಂತು. ಲೇಖಕಿ ಕೋಲೂರಿಕೊಂಡು ಇಳಿದರು. ಗಣಿಯ ಮಣ್ಣು ಸುರಿದು ಬೆಳೆದ ಸಯನೈಡ್ ಗುಡ್ಡವನ್ನು ನೋಡಿ, "ಇದು ನನ್ನ ನೆನಪಿಗಿಂತ ಚಿಕ್ಕದು" ಎಂದು ನಕ್ಕರು. ವ್ಯವಸ್ಥಾಪಕರು, ಮುಂಬಯಿಯ ನಲವತ್ತರ ಆಸುಪಾಸಿನ ಗಂಡಸು, ಗೇಟಿಗೆ ಕಟ್ಟಿದ್ದ ನನ್ನ ಬ್ಯಾನರಿನ ಮುಂದೆ ನಿಂತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ. ಆದರೆ 6-45 ಎಂಬುದನ್ನು ಓದಲು ಕನ್ನಡ ಬೇಕಾಗಿಲ್ಲ.

"ಇದು ಏನು ಸಮಯ?"

"ಕಾರ್ಯಕ್ರಮದ್ದು. ನಿಮಗೆ ಕಳಿಸಿದ್ದೆನಲ್ಲ."

"ಇವತ್ತು ಶುಕ್ರವಾರ! ಐದೂವರೆಗೆ ನಮಗೆ ಸಬ್ಬತ್ ಶುರು, ಕೆಲಸ ಮುಟ್ಟದ ದಿನ. ಆಮೇಲೆ ಅವರು ಮೈಕು ಮುಟ್ಟುವುದಿಲ್ಲ, ಪೆನ್ನು ಹಿಡಿಯುವುದಿಲ್ಲ, ಕಾರು ಹತ್ತುವುದಿಲ್ಲ. ನಾಳೆ ನಕ್ಷತ್ರ ಕಾಣುವವರೆಗೆ."

ಸಬ್ಬತ್ ಎಂಬ ಮಾತು ನನಗೆ ಹೊಸದಲ್ಲ. ಮೂಲೆಗೊಂದು ಚರ್ಚಿರುವ ಊರು ನಮ್ಮದು. ಆದರೆ ನನ್ನ ತಲೆಯಲ್ಲಿ ಅದು ಭಾನುವಾರ. ಯಹೂದಿಗಳಿಗೆ ಅದು ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುತ್ತದೆಂದು ಗೊತ್ತಿರಲಿಲ್ಲ. ಪಾತ್ರೆಗೆ ಮಡಿಯಿರುವುದು ತಿಳಿದ ನನಗೆ ಹೊತ್ತಿಗೂ ಮಡಿಯಿರಬಹುದೆಂದು ಹೊಳೆಯಲೇ ಇಲ್ಲ. ಗಡಿಯಾರ ನೋಡಿದೆ, ಒಂದೂಕಾಲು.

ಜನರನ್ನು ಬೇಗ ಕರೆಯುವಂತಿಲ್ಲ, ಅವರೆಲ್ಲ ಬೆಂಗಳೂರಿನಲ್ಲಿದ್ದಾರೆ. ಅಜ್ಜಿಯೊಬ್ಬರನ್ನಾದರೂ ಕರೆತಂದು, ಇದ್ದವರ ಎದುರು ನಾಲ್ಕಕ್ಕೆ ಶುರು ಮಾಡಿ ಐದೂಕಾಲಿಗೆ ಮುಗಿಸೋಣ ಎಂದೆ. ವ್ಯವಸ್ಥಾಪಕರು ಒಪ್ಪಿದರು. ಮಗನಿಗೆ ಫೋನು ಮಾಡಿದೆ. ಕಾರ್ಖಾನೆಯಲ್ಲಿ ಫೋನು ಗೇಟಿನಲ್ಲೇ ಇಡಬೇಕೆಂದು ಅವನು ಹಿಂದೆಯೇ ಹೇಳಿದ್ದ. ಆದರೂ ಏಳು ಸಲ ಮಾಡಿದೆ. ಅಜ್ಜಿಗೆ ಫೋನಿಲ್ಲ, ಇದ್ದರೂ ಕೇಳಿಸದು. ಲೇಖಕಿ ಬಂದಿದ್ದ ಕಾರಿನಲ್ಲೇ ಬೂದಿಕೋಟೆಗೆ ಹೊರಟೆ.

ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಅಜ್ಜಿಯ ಹಸುವನ್ನು ತನ್ನ ಹಿತ್ತಲಲ್ಲಿ ಕಟ್ಟಿಕೊಂಡು ಮೈ ಸವರುತ್ತ ನಿಂತಿದ್ದಳು.

"ಬೆಳಿಗ್ಗೆ ಎಂಟ್ ಗಂಟೆ ಬಸ್ಸಿಗೇ ಓದ್ಳಮ್ಮ. ಒಸ ಸೀರೆ ಉಟ್ಕೊಂಡು, ತಲೆಗೆ ಊವ ಮುಡ್ಕೊಂಡು ಓದ್ಳು. ಬಂಗಾರಪೇಟೇಲಿ ಯಾರೋ ನೆಂಟ್ರ ಮನೇಲಿದ್ದು ಸಂಜೆ ಮಗನ್ ರೈಲ್ ಅತ್ತೀನಿ ಅಂದ್ಳು."

"ಯಾವ ನೆಂಟರು?"

"ಅದೇನ್ ಗೊತ್ತಮ್ಮ ನಂಗೆ. ಈ ಹಸಾ ಬ್ಯಾರೆಯೋರ್ ಕೈಗೆ ಆಲು ಕೊಡಲ್ಲ. ಎಂಟ್ ದಿನದಿಂದ ದಿನಾ ನನ್ನ ಪಕ್ಕದಲ್ಲಿ ಕುಂಡ್ರುಸ್ಕೊಂಡು, ನನ್ನ ಕೈ ವಾಸ್ನೆ ಅದುಕ್ಕೆ ಒಗ್ಗಿಸಿ, ಇವತ್ತು ಒಪ್ಪಿಸ್ಬುಟ್ಟು ಓಗವ್ಳೆ. ಒಂದಿನದ್ ಮಟ್ಟಿಗೆ ಅಂತ ಕೈ ಮುಗುದ್ಲು."

ಎಂಟು ದಿನ. ನಾನು ಫೋಕಸ್ ಲೈಟು ಕಟ್ಟಿಸುತ್ತಿದ್ದ ಆ ಎಂಟು ದಿನ ಅಜ್ಜಿ ಹಸುವನ್ನು ಒಪ್ಪಿಸುತ್ತಿದ್ದರು. ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಅಳುವುದಕ್ಕೂ ಪುರಸೊತ್ತಿರಲಿಲ್ಲ.

ಬಂಗಾರಪೇಟೆಯಲ್ಲಿ ರೈಲು ನಿಲ್ದಾಣದ ಪ್ಲಾಟ್‌ಫಾರಂ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ, ಮಾರುಕಟ್ಟೆಯ ಬೀದಿಯಲ್ಲಿ ನೋಡಿದೆ. ಹೂ ಮುಡಿದ ಮುದುಕಿಯರು ಎಷ್ಟೊಂದು ಮಂದಿ ಇರುತ್ತಾರೆ ಎಂದು ಅವತ್ತೇ ಗೊತ್ತಾದದ್ದು. ಇಬ್ಬರ ಹಿಂದೆ ಓಡಿಹೋಗಿ ಮುಖ ನೋಡಿ ಕ್ಷಮೆ ಕೇಳಿದೆ. ಈ ಪೇಟೆಯ ಯಾವುದೋ ಮನೆಯೊಳಗೆ ಅಜ್ಜಿ ಹೊಸ ಸೀರೆ ಮುದುರದಂತೆ ಗೋಡೆಗೊರಗದೆ ಕೂತಿದ್ದಾರೆ, ನಾನು ಹೊರಗಿನಿಂದ ಎಷ್ಟು ಕೂಗಿದರೂ ಕೇಳಿಸದು. ಮೂರೂಮುಕ್ಕಾಲಿಗೆ ಸೋತು ವಾಪಸ್ಸು ಹೊರಟೆ.

ಸಭಾಂಗಣದಲ್ಲಿ ನಮ್ಮ ಕಾಲೇಜಿನ ಹದಿನಾಲ್ಕು ವಿದ್ಯಾರ್ಥಿಗಳು, ಮೂವರು ಪಿಂಚಣಿದಾರರು ಕೂತಿದ್ದರು. ವ್ಯವಸ್ಥಾಪಕರು, "ಇದ್ದವರಿಗೆ ಈಗಲೇ ಶುರು ಮಾಡೋಣ. ಮೈಕಿದೆ, ಬೆಳಕಿದೆ" ಎಂದರು. ಲೇಖಕಿ ಕುರ್ಚಿಯ ಕೈ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಜ್ಜಿ ಸಿಗಲಿಲ್ಲವೆಂದು ಹೇಳಿದೆ. ಹಸುವಿನ ಕಥೆಯನ್ನೂ ಹೇಳಿದೆ.

"ಅವಳು ಬರುವವರೆಗೆ ನಾನು ಯಾರಿಗೆ ಓದಲಿ?" ಎಂದರು ಲೇಖಕಿ. "ಕಾಯೋಣ. ಕೋಣೆಯಲ್ಲಿ ದೀಪ ಹಚ್ಚಿ ನಾನು ನಡೆದುಕೊಂಡೇ ಬರುತ್ತೇನೆ. ನಡೆಯುವುದಕ್ಕೆ ಅಡ್ಡಿಯಿಲ್ಲ, ಮಾತಾಡುವುದಕ್ಕೆ ಅಡ್ಡಿಯಿಲ್ಲ. ಸಹಿ ಹಾಕುವುದಿಲ್ಲ, ಮೈಕಿನಲ್ಲಿ ಮಾತಾಡುವುದಿಲ್ಲ, ಅಷ್ಟೇ."

"ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಮೈಕಿದ್ದರೆ ಮಾತ್ರ ಕೇಳಿಸುತ್ತದೆ."

ನಾನು ಬಿಡಲಿಲ್ಲ. "ಕನ್ನಡ ಓದುವವಳು ನಾನು. ನಿಮ್ಮ ಕಟ್ಟಳೆ ನನಗಿಲ್ಲ. ನನ್ನ ಪಾಲನ್ನು ನಾನು ಮೈಕಿನಲ್ಲಿ ಓದಬಹುದಲ್ಲ?"

ವ್ಯವಸ್ಥಾಪಕರು ನಡುವೆ ಬಂದು, ಸಬ್ಬತ್ತಿನಲ್ಲಿ ಹಬ್ಬದ ಹೆಸರಲ್ಲಿ ಯಂತ್ರ ಹಾಕಿ ಸಭೆ ನಡೆಸಿದ್ದು ಇದುವರೆಗೆ ಇಲ್ಲ, ಆಗುವುದಿಲ್ಲ ಎಂದರು. ಲೇಖಕಿ ಕೈಯೆತ್ತಿ ಅವರನ್ನು ತಡೆದರು.

"ನನಗಾಗಿ ಹಾಕಿ ಎಂದು ನಾನು ಇನ್ನೊಬ್ಬರನ್ನು ಕೇಳುವಂತಿಲ್ಲ. ಇದು ನಿಮ್ಮ ಊರು, ಓದು ನಿಮ್ಮದು. ಬೇಡ ಎನ್ನಲು ನನಗೆ ಹಕ್ಕಿಲ್ಲ, ಹಾಕಿ ಎನ್ನಲು ಬಾಯಿ ಬರುವುದಿಲ್ಲ." ಮುಂದುವರಿಸಿ ಹೇಳಿದರು, "ನನ್ನ ಅಪ್ಪ ಈ ಊರಿನಲ್ಲಿ ಒಬ್ಬನೇ ಈ ದಿನವನ್ನು ಕಾಪಾಡಿಕೊಂಡು ಬಂದ. ಗಣಿಯಲ್ಲಿ ಯಾರದಾದರೂ ಜೀವ ಹೋಗುವಂತಿದ್ದರೆ ಮಾತ್ರ ಮುರಿಯುತ್ತಿದ್ದ."

ಅಜ್ಜಿಯ ಕಿವಿ ಜೀವದ ಮಾತೇ? ಅಲ್ಲ. ಅಥವಾ ಹೌದೇ? ನನಗೆ ಇವತ್ತಿಗೂ ಗೊತ್ತಿಲ್ಲ.

ಐದೂವರೆಗೆ ಅತಿಥಿಗೃಹದ ಕೋಣೆಯಲ್ಲಿ ಅವರು ಎರಡು ಮೇಣದ ಬತ್ತಿ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಂಡರು. ಬಾಗಿಲ ಹೊರಗೆ ನಿಂತು ನೋಡಿದೆ. ಹೊರಗೆ ಸೂರ್ಯ ಸಯನೈಡ್ ಗುಡ್ಡದ ಹಿಂದೆ ಇಳಿದ. ನಾನು ಕಟ್ಟಿಸಿದ ಟ್ಯೂಬ್‌ಲೈಟುಗಳು ಒಂದೂ ತಪ್ಪದೆ ಹೊತ್ತಿಕೊಂಡವು. ಜೀವನದಲ್ಲಿ ಮೊದಲ ಸಲ ಕರೆಂಟು ಹೋಗಲಿ, ನಾನೇ ತರಿಸಿದ ಜನರೇಟರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಹೋದರೆ ಮೈಕಿನ ಪ್ರಶ್ನೆಯೇ ಇರುವುದಿಲ್ಲ, ತಪ್ಪು ಕರೆಂಟಿನದಾಗುತ್ತದೆ. ಅವತ್ತೇ ಅದು ಕದಲದೆ ನಿಂತಿತ್ತು.

ಮೈಕಿನವರು ವಯಸ್ಸಾದ ತಮಿಳರು. ಈ ಊರಿನ ಅರ್ಧ ಮದುವೆಗಳಿಗೆ ಅವರದೇ ಮೈಕ್‌ಸೆಟ್ಟು. ಆಂಪ್ಲಿಫೈಯರ್ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕೇಳಿದರು.

"ಆನ್ ಮಾಡ್ಲಾ, ವೇಣಾಮಾ, ಬೇಡ್ವಾ, ಒಂದ್ ಮಾತ್ ಯೇಳ್ಬಿಡಿ ಮೇಡಂ."

ನಾನು ಸಭಾಂಗಣವನ್ನು ನೋಡಿದೆ. ಎತ್ತರದ ಮರದ ಮಾಡು. ಮೈಕಿಲ್ಲದ ಕಾಲದಲ್ಲಿ ನಾಟಕ ಆಡಲೆಂದು ಕಟ್ಟಿದ ಜಾಗ, ವೇದಿಕೆಯಲ್ಲಿ ಕೆಮ್ಮಿದರೂ ಕೊನೆಯ ಸಾಲಿಗೆ ಕೇಳಿಸುತ್ತದೆ. ಅಜ್ಜಿ ಮೊದಲ ಸಾಲಿನಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರ ಕೂರುತ್ತಾರೆ. ಗಂಟಲು ಹರಿಯುವ ಹಾಗೆ ಕೂಗಿ ಓದುತ್ತೇನೆ. ಲೇಖಕಿಯ ಸಬ್ಬತ್ ದಿನವನ್ನು ತಿಳಿಯದೆ ಒಂದು ಸಲ ತುಳಿದಾಗಿದೆ, ಈಗ ತಿಳಿದೂ ತುಳಿಯಲಾರೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

"ಬೇಡ" ಎಂದೆ.

"ಸರಿಂಗ ಮೇಡಂ" ಎಂದು ಅವರು ಸ್ವಿಚ್ಚಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ವೇದಿಕೆಯ ಮೇಲಿನ ಮೈಕಿನ ಕೋಲನ್ನು ತೆಗೆಸಬೇಕಿತ್ತು. ಆ ಗಡಿಬಿಡಿಯಲ್ಲಿ ಅದು ಅಲ್ಲೇ ಉಳಿಯಿತು.

ರೈಲು ಅರ್ಧ ಗಂಟೆ ತಡ. ಏಳೂಕಾಲರ ಹೊತ್ತಿಗೆ ಜನ ಬರತೊಡಗಿದರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಖಾಲಿ ಊಟದ ಡಬ್ಬಿ, ಮುಖದಲ್ಲಿ ದಿನದ ದಣಿವು. ಮನೆಗೆ ಹೋಗದೆ ನೇರ ಬಂದಿದ್ದರು. ಹನ್ನೊಂದು ಸಾಲು ಕುರ್ಚಿ ತುಂಬಿತು. ನನ್ನ ಲೆಕ್ಕಾಚಾರ ಇದೊಂದರಲ್ಲಿ ಸರಿಯಾಗಿತ್ತು. ಕೊನೆಗೆ ಮಗನ ತೋಳು ಹಿಡಿದುಕೊಂಡು ಅಜ್ಜಿ ಬಂದರು. ಗಿಳಿಹಸಿರು ಸೀರೆ, ತಲೆಯಲ್ಲಿ ಬಾಡಿದ ಕನಕಾಂಬರ. ಮುಂಬಾಗಿಲ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರು.

ಲೇಖಕಿ ವೇದಿಕೆಯಿಂದ ಇಳಿದು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಆಕೆಯ ಕೆನ್ನೆ ಮುಟ್ಟಿ, "ಮುದುಕಿ ಆಗ್ಬುಟ್ಟೆ ಕಣೇ" ಎಂದರು. ನಾನು ಅನುವಾದಿಸಿದೆ. ಲೇಖಕಿ ನಗುತ್ತ ಅತ್ತರು. ಆಮೇಲೆ ಅಜ್ಜಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮೈಕಿನ ಕಡೆಗೆ ಮುಖ ಮಾಡಿದರು.

ಲೇಖಕಿ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದರು. ಎಂಬತ್ತರ ಗಂಟಲು, ಆದರೂ ಸದ್ದಿಲ್ಲದೆ ಕೂತ ಜನರಿಗೆ ಕೇಳಿಸಿತು. ಆಮೇಲೆ ನಾನು ಓದಿದೆ. ಆ ಅಧ್ಯಾಯದಲ್ಲಿ ಮುನಿವೆಂಕಟಮ್ಮನ ಹೆಸರು ಏಳು ಸಲ ಬರುತ್ತದೆ. ಮೊದಲ ಸಲ ಬಂದಾಗ ನಿಲ್ಲಿಸಿ, ಉಸಿರು ತುಂಬಿಕೊಂಡು ಕೂಗಿದೆ. ಅಜ್ಜಿಯ ಮುಖ ಅಲುಗಲಿಲ್ಲ. ಮೈಕನ್ನೇ ನೋಡುತ್ತಿದ್ದರು. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದೆ. ಮೂರನೆಯ ಸಲ ಮಗ ತಾಯಿಯ ಕಿವಿಯ ಹತ್ತಿರ ಬಗ್ಗಿದ. ಅಜ್ಜಿ ಮೊಣಕೈಯಿಂದ ಅವನನ್ನು ತಳ್ಳಿದರು. "ಸುಮ್ನೆ ಕುಂತ್ಕೊಳ್ಳಲಾ. ಮೈಕಲ್ಲಿ ಯೇಳ್ತಾರೆ." ಅವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲವಲ್ಲ, ಇಡೀ ಸಭೆಗೆ ಕೇಳಿಸಿತು.

ನಾನು ಮೈಕಿನವರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಒಂದು ತಲೆಯಾಡಿಸುವಿಕೆ ಸಾಕಿತ್ತು. ಪಕ್ಕದಲ್ಲಿ ಲೇಖಕಿ ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು ಕೂತಿದ್ದರು, 'ಬೇಡ' ಎಂದೂ ಹೇಳದೆ 'ಹೂಂ' ಎಂದೂ ಹೇಳದೆ. ನಾನು ತಲೆಯಾಡಿಸಲಿಲ್ಲ. ಮುಂದಕ್ಕೆ ಓದಿದೆ. ಮುಂಬಾಗಿಲಿನ ಪುಟ ಬರುವ ಹೊತ್ತಿಗೆ ನನ್ನ ದನಿ ಒಡೆದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಏಳನೆಯ ಸಲ ಹೆಸರು ಬಂದಾಗ ಊರಿನ ಜನ ಚಪ್ಪಾಳೆ ತಟ್ಟಿದರು. ಜನ ತಟ್ಟುವುದನ್ನು ನೋಡಿ ಅಜ್ಜಿಯೂ ತಟ್ಟಿದರು.

ಸಭೆ ಮುಗಿಯಿತು. ದಣಿದ ಜನ ಬೇಗ ಚದುರಿದರು. ಕುರ್ಚಿ ಮಡಚುವ ಸದ್ದು ಶುರುವಾಯಿತು. ಅಜ್ಜಿ ಏಳಲಿಲ್ಲ.

"ನಡಿಯವ್ವ, ಓಗಾಣ" ಎಂದು ಮಗ ತೋಳು ಹಿಡಿದ.

"ಇರ್ಲಾ. ಇನ್ನೂ ನಮ್ಮವ್ವನ ಎಸರು ಕೂಗಿಲ್ಲ."

ಅವರ ಮುಂದೆ ಮಂಡಿಯೂರಿ, ಕಿವಿಗೆ ಬಾಯಿಟ್ಟು, ಉಳಿದಿದ್ದ ದನಿಯಲ್ಲಿ ಹೇಳಿದೆ. ಕೂಗಾಯಿತು ಅಜ್ಜಿ, ಏಳು ಸಲ ಕೂಗಿದೆ, ಎಲ್ಲರಿಗೂ ಕೇಳಿಸಿತು. ಅಜ್ಜಿ ನನ್ನನ್ನು ಅಪನಂಬಿಕೆಯಿಂದ ನೋಡಿದರು.

"ನಂಗ್ ಕೇಳ್ಸಲಿಲ್ವಲ್ಲ."

ಏನು ನಡೆಯುತ್ತಿದೆಯೆಂದು ಲೇಖಕಿಗೆ ಹೇಳಿದೆ. ಅವರು ಕೋಲು ಬಿಟ್ಟು, ಅಜ್ಜಿಯ ಭುಜ ಹಿಡಿದು ಬಗ್ಗಿ, ಆ ಕಿವಿಯಲ್ಲಿ ಆಯಾಳ ಹೆಸರನ್ನು ಹೇಳಿದರು. ಬಾಲ್ಯದಲ್ಲಿ ಕರೆಯುತ್ತಿದ್ದಂತೆ, ಅಕ್ಷರ ಎಳೆದು ಎಳೆದು, "ಮುನೀವೆಂಕಟಮ್ಮಾ." ಈ ಸಲ ಅಜ್ಜಿಗೆ ಕೇಳಿಸಿತು. ಲೇಖಕಿಯ ತಲೆ ನೇವರಿಸಿ ಹೇಳಿದರು.

"ನಂಗೊತ್ತಿರೋ ಎಸರ್ನ ನಂಗೇ ಯೇಳ್ತೀಯಲ್ಲ ಮಗ. ಊರಿಗ್ ಯೇಳು."

ಅನುವಾದ ಮಾಡುವುದು ನನ್ನಿಂದ ಆಗಲಿಲ್ಲ. ಅಜ್ಜಿಯ ಬೆರಳು ವೇದಿಕೆಯ ಕಡೆ ತೋರಿಸುತ್ತಿತ್ತು. "ಮೈಕ್ ಐತಲ್ಲ ಅಲ್ಲಿ?" ಮೈಕಿನವರು ಸುತ್ತುತ್ತಿದ್ದ ವೈರನ್ನು ಬಿಟ್ಟು, "ಈಗ ಆಕ್ಲಾ ಮೇಡಂ?" ಎಂದರು. ತಿರುಗಿ ನೋಡಿದೆ. ಮಡಚಿ ಗೋಡೆಗೊರಗಿಸಿದ ಹನ್ನೊಂದು ಸಾಲು ಕುರ್ಚಿ. ಊರು ಊಟಕ್ಕೆ ಹೋಗಿತ್ತು.

ನಾಳೆ ಸಂಜೆ ನಕ್ಷತ್ರ ಮೂಡಿದ ಮೇಲೆ ಇನ್ನೊಂದು ಸಲ ಮಾಡೋಣ, ಕಾರು ಕಳಿಸುತ್ತೇನೆ ಎಂದು ಮಗನಿಗೆ ಹೇಳಿದೆ. ನಾಳೆ ಅದೇ ಹೊತ್ತಿಗೆ ಲೇಖಕಿ ಮುಂಬಯಿಯ ವಿಮಾನಕ್ಕೆ ಹೊರಡಬೇಕು, ಸಭಾಂಗಣ ಆರತಕ್ಷತೆಗೆ ಹೋಗಿದೆ ಎಂದು ಗೊತ್ತಿದ್ದೂ ಹೇಳಿದೆ. ಅವನು ಒಳ್ಳೆಯವನು. "ಹಸಾ ಇನ್ನೊಂದಿನ ಒಪ್ಪಲ್ಲ ಮೇಡಂ. ಬುಡಿ, ನೀವೇನ್ ಮಾಡ್ತೀರ" ಎಂದು ನನ್ನನ್ನೇ ಸಮಾಧಾನ ಮಾಡಿ, ತಾಯಿಯನ್ನು ಎಬ್ಬಿಸಿಕೊಂಡು ಹೋದ. ಹೊಸ್ತಿಲಲ್ಲಿ ಅಜ್ಜಿ ಒಂದು ಸಲ ತಿರುಗಿ ಮೈಕನ್ನು ನೋಡಿದರು.

ಶನಿವಾರ ಇಡೀ ದಿನ ಲೇಖಕಿ ಅತಿಥಿಗೃಹದ ಜಗಲಿಯಲ್ಲಿ ಕೂತಿದ್ದರು. ನಾನು ಹಣ್ಣು ತಂದಿಟ್ಟೆ. ತಪ್ಪು ನನ್ನದು ಎಂದೆ. "ತಪ್ಪು ಯಾರದು ಎಂದು ಗೊತ್ತಾದರೆ ಅವಳಿಗೆ ಕೇಳಿಸುತ್ತದೆಯೇ?" ಎಂದರು. ಕತ್ತಲಾಗಿ ಮೂರು ನಕ್ಷತ್ರ ಕಂಡ ಮೇಲೆ ಅವರು ಮೊದಲು ಮಾಡಿದ ಕೆಲಸ ಪೆನ್ನು ಕೇಳಿದ್ದು. ತಮ್ಮ ಪುಸ್ತಕವೊಂದರ ಮೊದಲ ಪುಟದಲ್ಲಿ ಅಜ್ಜಿಗೆಂದು ಏನೋ ಬರೆದು ನನ್ನ ಕೈಗಿಟ್ಟು ಕಾರು ಹತ್ತಿದರು.

ಹತ್ತು ದಿನದ ಮೇಲೆ ಆ ಪುಸ್ತಕ ಹಿಡಿದು ಬೂದಿಕೋಟೆಗೆ ಹೋದೆ. ಅಜ್ಜಿ ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದರು. ನನಗೆ ಬೆನ್ನು ಮಾಡಿದ್ದರಿಂದ ನೋಡಲಿಲ್ಲ. ಹೆಂಗಸರು ಅವರನ್ನು ಸುತ್ತುವರಿದಿದ್ದರು. ದೊರೆಗಳ ಕಟ್ಟಡದ ಮುಂಬಾಗಿಲಿನಿಂದಲೇ ಒಳಗೆ ಹೋದದ್ದು, ಮುಂದಿನ ಕುರ್ಚಿ, ತುಂಬಿದ ಜನ, ಎಲ್ಲವನ್ನೂ ಹೇಳುತ್ತಿದ್ದರು. ಒಬ್ಬಳು ಅವರ ಕಿವಿಗೆ ಬಗ್ಗಿ ಕೂಗಿ ಕೇಳಿದಳು.

"ನಿಮ್ಮವ್ವನ ಎಸರು ಮೈಕಲ್ಲಿ ಕೂಗುದ್ರಾ?"

ಅಜ್ಜಿ ಕ್ಯಾನಿನ ಮುಚ್ಚಳ ಬಿಗಿಮಾಡಿದರು.

"ಕೂಗುದ್ರಂತೆ" ಎಂದರು.